ಸೆಪ್ಟೆಂಬರ್ 30 ಹತ್ತಿರವಾದರೆ ನಿದ್ದೆ ಹತ್ತುವುದಿಲ್ಲ

ಕೆಲಸದ ಗಡುವು ತರುವ ಒತ್ತಡದ ಬಗ್ಗೆ ಕಳೆದ ಎರಡು ತಿಂಗಳಲ್ಲಿ ಬಂದ ಪತ್ರಗಳ ಪೈಕಿ ನಾಲ್ಕನ್ನು ಈ ಸಂಚಿಕೆಗೆ ಆಯ್ದುಕೊಂಡಿದ್ದೇನೆ. ಬರೆದವರ ಗುರುತು ಸಿಗದಂತೆ ಕೆಲವು ವಿವರಗಳನ್ನು ಬಿಟ್ಟಿದ್ದೇನೆ. ಮೊದಲ ಪತ್ರಕ್ಕೆ ಉದ್ದವಾಗಿ ಉತ್ತರಿಸಿದ್ದೇನೆ. ಅಲ್ಲಿ ಹೇಳಿರುವ ಬಹಳಷ್ಟು ಮಾತು ಉಳಿದವರಿಗೂ ಅನ್ವಯಿಸುವುದರಿಂದ ಅವರು ದಯವಿಟ್ಟು ಅದನ್ನೂ ಓದಿಕೊಳ್ಳಬೇಕು.

ಪ್ರಶ್ನೆ: ಮೇಡಂ, ನನಗೆ 27 ವರ್ಷ. ಹುಬ್ಬಳ್ಳಿಯಲ್ಲಿ ಲೆಕ್ಕ ಪರಿಶೋಧಕರೊಬ್ಬರ ಕಚೇರಿಯಲ್ಲಿ ನಾಲ್ಕು ವರ್ಷಗಳಿಂದ ಅಕೌಂಟೆಂಟ್ ಆಗಿದ್ದೇನೆ. ತೆರಿಗೆ ಲೆಕ್ಕ ಪರಿಶೋಧನೆಯ ವರದಿ ಸಲ್ಲಿಸಲು ಸೆಪ್ಟೆಂಬರ್ 30 ಕಡೆಯ ದಿನ. ಈ ಸಲ ನನ್ನ ಪಾಲಿಗೆ 41 ಫೈಲುಗಳು ಬಂದಿವೆ. ಇದರ ನಡುವೆ ಪ್ರತಿ ತಿಂಗಳ 7ಕ್ಕೆ ಟಿಡಿಎಸ್, 11ಕ್ಕೆ ಮತ್ತು 20ಕ್ಕೆ ಜಿಎಸ್‌ಟಿ ರಿಟರ್ನ್ ಇದ್ದದ್ದೇ. ವ್ಯಾಪಾರಿಗಳು ಬ್ಯಾಂಕ್ ಸ್ಟೇಟ್‌ಮೆಂಟ್ ಕೊಡುವುದೇ ಸೆಪ್ಟೆಂಬರ್ ಎರಡನೆಯ ವಾರದಲ್ಲಿ. ಕೆಲವರು ವರ್ಷದ ಬಿಲ್ಲುಗಳನ್ನೆಲ್ಲ ಕ್ಯಾರಿಬ್ಯಾಗಿನಲ್ಲಿ ತುಂಬಿ ತಂದು ಮೇಜಿನ ಮೇಲೆ ಸುರಿದು ಹೋಗುತ್ತಾರೆ. ರಾತ್ರಿ ಹನ್ನೊಂದರವರೆಗೆ ಕುಳಿತು ಮನೆಗೆ ಬಂದರೂ ನಿದ್ದೆ ಹತ್ತುವುದಿಲ್ಲ. ಮೂರು ಗಂಟೆಗೆ ಎಚ್ಚರವಾಗಿ, ಯಾವುದೋ ಎಂಟ್ರಿ ಬಿಟ್ಟಿದ್ದೇನೆ ಎಂದು ಎದೆ ಹೊಡೆದುಕೊಳ್ಳುತ್ತದೆ. ಊಟ ಸೇರುತ್ತಿಲ್ಲ. ಅವ್ವ ಕಟ್ಟಿಕೊಟ್ಟ ಡಬ್ಬಿಯನ್ನು ಮುಚ್ಚಳ ತೆಗೆಯದೆ ವಾಪಸ್ ತಂದು, ಆಕೆ ನೋಡುವ ಮೊದಲೇ ಓಣಿಯ ಆಕಳಿಗೆ ಹಾಕುತ್ತೇನೆ. ನಮ್ಮ ಸರ್ ಒಳ್ಳೆಯವರು. ಆದರೆ ಅವರು “ಎಲ್ಲಾ ಮುಗೀತದಲ್ಲ?” ಎಂದು ಕೇಳಿದಾಗಲೆಲ್ಲ “ಮುಗೀತದ್ರಿ ಸರ್” ಎಂಬುದನ್ನು ಬಿಟ್ಟು ಬೇರೆ ಮಾತು ನನ್ನ ಬಾಯಿಂದ ಹೊರಡುವುದಿಲ್ಲ. ಕೆಲಸ ಬಿಟ್ಟುಬಿಡಲೇ?

ಉತ್ತರ: ಕೆಲಸ ಬಿಡುವ ವಿಚಾರವನ್ನು ಅಕ್ಟೋಬರ್ ಕಳೆಯುವವರೆಗೆ ಪಕ್ಕಕ್ಕೆ ಇಡಿ. ನಿದ್ದೆಗೆಟ್ಟು, ಹಸಿದುಕೊಂಡಿರುವ ದಿನಗಳಲ್ಲಿ ಅಷ್ಟು ದೊಡ್ಡ ನಿರ್ಧಾರ ಬೇಡ.

ನಿಮ್ಮ ಪತ್ರದಲ್ಲಿ 41 ಫೈಲುಗಳಿಗಿಂತ ಹೆಚ್ಚಾಗಿ ನನ್ನನ್ನು ತಡೆದು ನಿಲ್ಲಿಸಿದ್ದು “ಮುಗೀತದ್ರಿ ಸರ್” ಎಂಬ ಮಾತು. ಆ ಮಾತನ್ನು ನೀವು ಒಂದೊಂದು ಸಲ ಹೇಳಿದಾಗಲೂ ಕೆಲಸದ ನಿಜಸ್ಥಿತಿ ಬಲ್ಲವರು ಇಡೀ ಕಚೇರಿಯಲ್ಲಿ ನೀವೊಬ್ಬರೇ ಆಗುತ್ತೀರಿ. ಕೆಲಸವನ್ನು ನಾಲ್ಕು ಜನ ಹಂಚಿಕೊಳ್ಳಬಹುದು; ಆದರೆ ಮುಗಿಯುವುದಿಲ್ಲವೆಂಬ ಸತ್ಯವನ್ನು ಬಚ್ಚಿಟ್ಟುಕೊಂಡು ತಿರುಗುವ ಭಾರವನ್ನು ಯಾರೂ ಹಂಚಿಕೊಳ್ಳಲಾರರು, ಏಕೆಂದರೆ ಅದು ಇದೆಯೆಂಬುದೇ ಯಾರಿಗೂ ಗೊತ್ತಿಲ್ಲ. ಮೂರು ಗಂಟೆಗೆ ನಿಮ್ಮನ್ನು ಎಬ್ಬಿಸುತ್ತಿರುವುದು ಬಹುಮಟ್ಟಿಗೆ ಈ ಭಾರವೇ ಎಂದು ನನ್ನ ಅನಿಸಿಕೆ. ಗಡುವಿನ ಒತ್ತಡ ಹೇಳಿಕೊಂಡು ನನ್ನ ಬಳಿ ಬರುವವರಲ್ಲಿ ನಾನು ಮತ್ತೆ ಮತ್ತೆ ಕಾಣುವುದು ಇದನ್ನೇ: ಕೆಲಸದ ಪ್ರಮಾಣ ಮೈಯನ್ನು ದಣಿಸಿರುತ್ತದೆ, ಆದರೆ ಅದರ ಬಗ್ಗೆ ಬಾಯಿ ಬಿಡದೆ ಕಳೆದ ವಾರಗಳು ಮನಸ್ಸನ್ನು ಮುರಿದಿರುತ್ತವೆ.

ಮೊದಲು ದೇಹದ ಮಾತು. ಅಪಾಯ ಬಂತೆಂದು ಮೆದುಳು ಗ್ರಹಿಸಿದ ಕೂಡಲೇ ಮೂತ್ರಪಿಂಡಗಳ ಮೇಲೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಾಲಿನ್ ಮತ್ತು ಕಾರ್ಟಿಸೋಲ್ ಎಂಬ ರಸಗಳನ್ನು ರಕ್ತಕ್ಕೆ ಬಿಡುತ್ತವೆ. ಎದೆಬಡಿತ ಏರುತ್ತದೆ, ರಕ್ತ ಕೈಕಾಲಿನ ಸ್ನಾಯುಗಳ ಕಡೆಗೆ ಹರಿಯುತ್ತದೆ, ಜೀರ್ಣಕ್ರಿಯೆ ಹಿಂದೆ ಸರಿಯುತ್ತದೆ. ಓಡಬೇಕಾದ ಪ್ರಾಣಿಗೆ ಇದು ಸರಿಯಾದ ಏರ್ಪಾಡು. ಆದರೆ ಕುರ್ಚಿಯ ಮೇಲೆ ಕುಳಿತು ಬಾಕಿ ತಾಳೆ ನೋಡುತ್ತಿರುವವರ ದೇಹದಲ್ಲೂ ಇದೇ ಏರ್ಪಾಡು ವಾರಗಟ್ಟಲೆ ನಡೆದರೆ ಊಟ ಸೇರುವುದಿಲ್ಲ, ನಿದ್ದೆ ಹತ್ತುವುದಿಲ್ಲ. ಡಬ್ಬಿಯ ಅನ್ನ ನಿಮಗೆ ಬೇಡವಾಗಿರುವುದರ ಹಿಂದೆ ಇರುವುದು ಇದೇ, ಅದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಅವ್ವನಿಂದ ಅದನ್ನು ಮುಚ್ಚಿಡುವ ಅಗತ್ಯವೂ ಇಲ್ಲ. ಈ ಒಂದು ತಿಂಗಳು ಊಟದ ಬದಲು ಮೂರು ಸಲ ಸ್ವಲ್ಪ ಸ್ವಲ್ಪ ತಿನ್ನುವಂಥದ್ದನ್ನು ಕಟ್ಟಿಕೊಡಲು ಕೇಳಿ: ಮೊಸರನ್ನ, ಬಾಳೆಹಣ್ಣು, ಶೇಂಗಾ ಉಂಡಿ. ಹೀಗೆ ಕೇಳಿದರೆ ಆಕೆಗೂ ನಿಮ್ಮ ಸ್ಥಿತಿ ತಿಳಿಯುತ್ತದೆ.

ಈಗ ನಿಮ್ಮದೇ ವಿದ್ಯೆಯನ್ನು ನಿಮ್ಮ ಮೇಲೆ ಪ್ರಯೋಗಿಸಿ. ಊರಿನ ವ್ಯಾಪಾರಿಗಳ ಲೆಕ್ಕವನ್ನೆಲ್ಲ ಬರೆಯುವ ನೀವು ನಿಮ್ಮ ಗಂಟೆಗಳ ಲೆಕ್ಕವನ್ನು ಬರೆದಿಲ್ಲ. ಒಂದು ಫೈಲಿಗೆ ಸರಾಸರಿ ಐದು ಗಂಟೆ ಹಿಡಿಯುತ್ತದೆ ಎಂದಿಟ್ಟುಕೊಂಡರೆ 41 ಫೈಲುಗಳಿಗೆ 205 ಗಂಟೆ ಬೇಕು. ಎಂಟು ಗಂಟೆಯ ದಿನದಲ್ಲಿ ಫೋನು, ಜಿಎಸ್‌ಟಿ ಕೆಲಸ, ಬಂದುಹೋಗುವ ವ್ಯಾಪಾರಿಗಳು ಇವನ್ನೆಲ್ಲ ಕಳೆದರೆ ಆಡಿಟ್ ಕೆಲಸಕ್ಕೆ ಐದು ಗಂಟೆ ಸಿಕ್ಕರೆ ಹೆಚ್ಚು. ಸೆಪ್ಟೆಂಬರ್‌ನ 25 ಕೆಲಸದ ದಿನಗಳಿಗೆ ಅದು 125 ಗಂಟೆಯಾಯಿತು, ಅಂದರೆ 25 ಫೈಲು. ಉಳಿದ 16 ಫೈಲುಗಳಿಗೆ ನಿಮ್ಮ ಬಳಿ ಸಮಯವೇ ಇಲ್ಲ. ನನ್ನ ಅಂಕಿಗಳು ಊಹೆಯವು. ನಿಮ್ಮ ನಿಜವಾದ ಅಂಕಿಗಳನ್ನು ಹಾಕಿ ಇದೇ ಲೆಕ್ಕವನ್ನು ಇಂದೇ ಮಾಡಿ. ಬಹುಶಃ ಅಂತರ ಇನ್ನೂ ಹೆಚ್ಚಿರಬಹುದು, ಅಥವಾ ನೀವು ಹೆದರಿದಷ್ಟು ಇಲ್ಲದಿರಬಹುದು. ಎರಡರಲ್ಲಿ ಯಾವುದಾದರೂ ಸರಿ, ಲೆಕ್ಕವಿಲ್ಲದ ಭಯಕ್ಕಿಂತ ಲೆಕ್ಕವಿರುವ ಭಯವನ್ನು ಎದುರಿಸುವುದು ಸುಲಭ.

ಆ ಲೆಕ್ಕವನ್ನು ಒಂದೇ ಹಾಳೆಯಲ್ಲಿ ಬರೆದುಕೊಂಡು ನಿಮ್ಮ ಸರ್ ಬಳಿಗೆ ಬೆಳಿಗ್ಗೆ ಹೋಗಿ. ಸಂಜೆ ಬೇಡ, ಆಗ ಅವರೂ ದಣಿದಿರುತ್ತಾರೆ. ಹಾಳೆಯಲ್ಲಿ ಮೂರು ಗುಂಪುಗಳಿರಲಿ: ಕಾಗದಪತ್ರ ಪೂರ್ತಿ ಬಂದು ಕೆಲಸ ನಡೆಯುತ್ತಿರುವ ಫೈಲುಗಳು, ಕಾಗದಪತ್ರ ಅರ್ಧ ಬಂದಿರುವವು, ಏನೂ ಬಾರದಿರುವವು. “ನನ್ನಿಂದ ಆಗುವುದಿಲ್ಲ” ಎಂದು ಹೇಳಬೇಕಾಗಿಲ್ಲ. “ಸರ್, ಇವತ್ತಿನ ಸ್ಥಿತಿಯಲ್ಲಿ ಇಪ್ಪತ್ತೈದು ಮುಗಿಯುತ್ತವೆ. ಉಳಿದ ಹದಿನಾರರಲ್ಲಿ ಯಾವುದನ್ನು ಮೊದಲು ತೆಗೆದುಕೊಳ್ಳಲಿ, ಯಾವುದನ್ನು ಬೇರೆಯವರಿಗೆ ಕೊಡುತ್ತೀರಿ, ಮೂರನೆಯ ಗುಂಪಿನ ವ್ಯಾಪಾರಿಗಳಿಗೆ ನೀವೇ ಒಂದು ಫೋನ್ ಮಾಡುತ್ತೀರಾ?” ಎಂದು ಕೇಳಿ. ಕಾಗದ ಕೊಡದ ವ್ಯಾಪಾರಿ ನಿಮ್ಮ ಹತ್ತು ಫೋನಿಗೆ ಓಗೊಡದಿದ್ದರೂ ನಿಮ್ಮ ಸರ್ ಮಾಡಿದ ಒಂದು ಫೋನಿಗೆ ಮರುದಿನವೇ ಬರುತ್ತಾನೆ. ಇದು ನಿಮಗೂ ಗೊತ್ತಿರುವ ಸಂಗತಿ. ಸೆಪ್ಟೆಂಬರ್ ಮೊದಲ ವಾರದಲ್ಲಿ ಈ ಮಾತು ಹೇಳಿದರೆ ಅದು ಯೋಜನೆ ಎನಿಸಿಕೊಳ್ಳುತ್ತದೆ, 28ರ ರಾತ್ರಿ ಹೇಳಿದರೆ ಅದೇ ಮಾತು ತಪ್ಪೊಪ್ಪಿಗೆಯಾಗುತ್ತದೆ. ಒಳ್ಳೆಯವರೆಂದು ನೀವೇ ಬರೆದಿರುವ ಮನುಷ್ಯರಿಗೆ ಒಳ್ಳೆಯತನ ತೋರಿಸಲು ಸಮಯವನ್ನಾದರೂ ಕೊಡಿ.

ಯಾವ ಕೆಲಸ ಯಾವಾಗ ಎಂಬುದರ ಬಗ್ಗೆಯೂ ಒಂದು ಮಾತು ಹೇಳಬೇಕು. ಸ್ವಲ್ಪ ಒತ್ತಡವಿದ್ದರೆ ಕೆಲಸ ಚುರುಕಾಗುತ್ತದೆ, ಅತಿಯಾದರೆ ಕೆಡುತ್ತದೆ ಎಂಬ ಮಾತನ್ನು ನೀವು ಕೇಳಿರಬಹುದು. 1908ರಲ್ಲಿ ಯೆರ್ಕ್ಸ್ ಮತ್ತು ಡಾಡ್ಸನ್ ಎಂಬ ವಿಜ್ಞಾನಿಗಳು ಇಲಿಗಳ ಮೇಲೆ ನಡೆಸಿದ ಪ್ರಯೋಗ ಇದಕ್ಕೆ ಮೂಲ. ಆ ಪ್ರಯೋಗದಲ್ಲಿ ಜನ ಮರೆತಿರುವ ಭಾಗವೊಂದಿದೆ: ಕಲಿಯಬೇಕಾದ ಕೆಲಸ ಸುಲಭವಾಗಿದ್ದಾಗ ಇಲಿಗಳು ಹೆಚ್ಚಿನ ಒತ್ತಡವನ್ನೂ ತಾಳಿಕೊಂಡವು, ಕೆಲಸ ಕಷ್ಟವಾದಂತೆ ಕಡಿಮೆ ಒತ್ತಡದಲ್ಲಷ್ಟೇ ಚೆನ್ನಾಗಿ ಕಲಿತವು. ಮನುಷ್ಯರ ಕೆಲಸದಲ್ಲೂ ನಾನು ಇದನ್ನೇ ಕಂಡಿದ್ದೇನೆ. ಆದ್ದರಿಂದ ತಲೆ ಕೆಡಿಸುವ ಫೈಲುಗಳನ್ನು, ಅಂದರೆ ದಾಸ್ತಾನು ತಾಳೆಯಾಗದವನ್ನು, ಸಾಲದ ಖಾತೆಗಳು ಸಿಕ್ಕುಗಟ್ಟಿರುವವನ್ನು ತಿಂಗಳ ಮೊದಲಿಗೆ, ದಿನದ ಮೊದಲಿಗೆ ತೆಗೆದುಕೊಳ್ಳಿ. ಪ್ರಿಂಟ್ ತೆಗೆಯುವುದು, ಸಹಿ ಮಾಡಿಸುವುದು, ಅಪ್‌ಲೋಡ್ ಮಾಡುವುದು ಇಂಥವು ಕೊನೆಯ ವಾರಕ್ಕಿರಲಿ. ನಮ್ಮಲ್ಲಿ ಬಹಳ ಜನ ಇದನ್ನು ತಿರುಗುಮುರುಗು ಮಾಡುತ್ತಾರೆ. ಸುಲಭವಾದದ್ದನ್ನು ಮೊದಲು ಮುಗಿಸಿ ಸಂಖ್ಯೆ ಏರಿಸಿಕೊಂಡು, ಕಠಿಣವಾದದ್ದನ್ನು ಸೆಪ್ಟೆಂಬರ್ 29ರ ಮಧ್ಯರಾತ್ರಿಗೆ ಉಳಿಸಿಕೊಳ್ಳುತ್ತಾರೆ.

ನಿದ್ದೆಯ ವಿಷಯದಲ್ಲಿ ನಾನು ಕಟ್ಟುನಿಟ್ಟಾಗಿ ಹೇಳುತ್ತೇನೆ. 1997ರಲ್ಲಿ ಆಸ್ಟ್ರೇಲಿಯಾದಲ್ಲಿ ನಡೆದ ಅಧ್ಯಯನವೊಂದು, ಎದ್ದು 17 ಗಂಟೆ ಕಳೆದ ಮನುಷ್ಯನ ಕೈಚಳಕ ಮತ್ತು ಗಮನ ರಕ್ತದಲ್ಲಿ ಶೇ 0.05 ಮದ್ಯವಿರುವವನ ಮಟ್ಟಕ್ಕೆ ಇಳಿಯುತ್ತದೆ ಎಂದು ತೋರಿಸಿತು. ನಮ್ಮ ದೇಶದಲ್ಲಿ ವಾಹನ ಓಡಿಸುವವರಿಗೆ ಕಾನೂನು ಹಾಕಿರುವ ಮಿತಿ ಶೇ 0.03. ಬೆಳಿಗ್ಗೆ ಆರಕ್ಕೆ ಎದ್ದು ರಾತ್ರಿ ಹನ್ನೊಂದಕ್ಕೆ ಕಚೇರಿ ಬಿಡುವ ನೀವು ಆ ಸ್ಥಿತಿಯಲ್ಲಿ ಲೆಕ್ಕವನ್ನೂ ನೋಡುತ್ತಿದ್ದೀರಿ, ಬಹುಶಃ ಸ್ಕೂಟಿಯನ್ನೂ ಓಡಿಸುತ್ತಿದ್ದೀರಿ. ಹತ್ತು ಗಂಟೆಯ ನಂತರ ಹಾಕಿದ ಎಂಟ್ರಿಗಳಲ್ಲಿ ಎಷ್ಟನ್ನು ಮರುದಿನ ತಿದ್ದಬೇಕಾಯಿತು ಎಂದು ಒಂದು ವಾರ ಗುರುತು ಹಾಕಿಕೊಂಡು ನೋಡಿ. ಆ ಅಂಕಿ ಸಿಕ್ಕರೆ ರಾತ್ರಿ ಎಂಟೂವರೆಗೆ ಎದ್ದುಬರಲು ನಿಮಗೇ ಧೈರ್ಯ ಬರುತ್ತದೆ.

ಹೊರಡುವ ಮುನ್ನ ಐದು ನಿಮಿಷ ನಾಳೆಯ ಕೆಲಸವನ್ನು ಬರೆದಿಡಿ. “ಆಡಿಟ್ ಕೆಲಸ” ಎಂದು ಬರೆದರೆ ಪ್ರಯೋಜನವಿಲ್ಲ. “ಕಿರಾಣಿ ಅಂಗಡಿಯವರ ಜನವರಿ ಬ್ಯಾಂಕ್ ಸ್ಟೇಟ್‌ಮೆಂಟ್ ತಾಳೆ ನೋಡುವುದು, ಎರಡು ಚೆಕ್ಕುಗಳ ವಿಚಾರ ಕೇಳುವುದು” ಎಂಬಷ್ಟು ಬಿಡಿಸಿ ಬರೆಯಬೇಕು. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದವರು 57 ಯುವಜನರನ್ನು ಪ್ರಯೋಗಾಲಯದಲ್ಲಿ ಮಲಗಿಸಿ ನಡೆಸಿ, 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಲಗುವ ಮುನ್ನ ಐದು ನಿಮಿಷ ಮುಂದಿನ ದಿನಗಳ ಕೆಲಸವನ್ನು ಬರೆದವರು, ಮುಗಿಸಿದ ಕೆಲಸವನ್ನು ಬರೆದವರಿಗಿಂತ ಸುಮಾರು ಒಂಬತ್ತು ನಿಮಿಷ ಬೇಗ ನಿದ್ದೆ ಹೋದರು. ಹೆಚ್ಚು ವಿವರವಾಗಿ ಬರೆದವರು ಇನ್ನೂ ಬೇಗ ನಿದ್ದೆ ಹೋದರು. ಮೂರು ಗಂಟೆಗೆ ಎಚ್ಚರವಾದರೆ ಫೋನ್ ಮುಟ್ಟಬೇಡಿ. ಹಾಸಿಗೆಯ ಪಕ್ಕದಲ್ಲಿ ಒಂದು ಚೀಟಿ ಮತ್ತು ಪೆನ್ಸಿಲ್ ಇಟ್ಟುಕೊಂಡು, ಬಿಟ್ಟುಹೋಯಿತೆಂದು ಅನಿಸಿದ ಎಂಟ್ರಿಯನ್ನು ಅದರಲ್ಲಿ ಬರೆದು ಮಗ್ಗುಲಾಗಿ. ಇನ್ನು ಚಹಾ. ಅದರಲ್ಲಿರುವ ಕೆಫೀನ್ ಅರ್ಧದಷ್ಟು ಇಳಿಯಲು ಸುಮಾರು ಐದು ಗಂಟೆ ಬೇಕು. ಸಂಜೆ ನಾಲ್ಕರ ನಂತರ ಕಚೇರಿಗೆ ಚಹಾ ಬಂದಾಗ ನಿಮ್ಮ ಕಪ್ಪನ್ನು ಬೇಡ ಎನ್ನಿ.

ಕಡೆಯದಾಗಿ, ದಿನಾಂಕ ಮುಂದೆ ಹೋಗುತ್ತದೆಂದು ಕಾಯಬೇಡಿ. 2025ರಲ್ಲಿ ಸೆಪ್ಟೆಂಬರ್ 30ರ ಗಡುವನ್ನು ಅಕ್ಟೋಬರ್ 31ಕ್ಕೆ ಮುಂದೂಡಿದ ಆದೇಶ ಬಂದದ್ದು ಸೆಪ್ಟೆಂಬರ್ ಕೊನೆಯ ವಾರದಲ್ಲಿ. ಅಷ್ಟರಲ್ಲಿ ನಿಮ್ಮಂಥವರು ಅನುಭವಿಸಬೇಕಾದದ್ದನ್ನೆಲ್ಲ ಅನುಭವಿಸಿ ಆಗಿತ್ತು. ಬರುತ್ತದೋ ಇಲ್ಲವೋ ಎಂದು ದಿನಕ್ಕೆ ಹತ್ತು ಸಲ ಗುಂಪುಗಳಲ್ಲಿ ಇಣುಕುವುದು ಸಹ ಒಂದು ದಣಿವು. ಅಕ್ಟೋಬರ್ ಕಳೆದ ಮೇಲೆ, ನಿದ್ದೆ ಊಟ ನೆಟ್ಟಗಾದ ಮೇಲೆ, ಮುಂದಿನ ವರ್ಷದ ಫೈಲುಗಳ ಹಂಚಿಕೆಯ ಬಗ್ಗೆ, ಜುಲೈಯೊಳಗೆ ಕಾಗದ ಕೊಡುವ ವ್ಯಾಪಾರಿಗಳ ಕೆಲಸವನ್ನೇ ಮೊದಲು ಮಾಡುವ ನಿಯಮದ ಬಗ್ಗೆ ಸರ್ ಜೊತೆ ಮಾತನಾಡಿ. ಆಗಲೂ ಕಿವಿಗೊಡದಿದ್ದರೆ ಕೆಲಸ ಬಿಡುವ ಪ್ರಶ್ನೆಯನ್ನು ಮತ್ತೆ ಎತ್ತಿಕೊಳ್ಳಿ, ನನಗೆ ಬರೆಯಿರಿ. ಎದೆ ಹೊಡೆದುಕೊಳ್ಳುವುದು ಕೆಲಸ ಮುಗಿದ ಮೇಲೂ ನಿಲ್ಲದಿದ್ದರೆ ಒಮ್ಮೆ ವೈದ್ಯರ ಬಳಿ ಹೋಗಿ ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಎಲ್ಲವನ್ನೂ ಒತ್ತಡದ ತಲೆಗೆ ಕಟ್ಟುವುದು ಸರಿಯಲ್ಲ.

ಪ್ರಶ್ನೆ: ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಎಂಟು ಜನರ ತಂಡಕ್ಕೆ ಲೀಡ್ ಆಗಿದ್ದೇನೆ. ವಯಸ್ಸು 36. ಗ್ರಾಹಕರು ಅಮೆರಿಕದ ಪಶ್ಚಿಮ ಕರಾವಳಿಯವರು. ರಾತ್ರಿ ಒಂಬತ್ತೂವರೆಗೆ ಕಾಲ್, ನವೆಂಬರ್‌ನಲ್ಲಿ ಅಲ್ಲಿ ಗಡಿಯಾರ ಹಿಂದಕ್ಕೆ ತಿರುಗಿದ ಮೇಲೆ ಹತ್ತೂವರೆಗೆ. ಎರಡು ವಾರಕ್ಕೊಂದು ರಿಲೀಸ್. ಐದು ದಿನದಲ್ಲಿ ಮುಗಿಯುತ್ತದೆ ಎಂದು ನಾನೇ ಅಂದಾಜು ಕೊಡುತ್ತೇನೆ, ಪ್ರತಿ ಸಲವೂ ಒಂಬತ್ತು ದಿನ ಹಿಡಿಯುತ್ತದೆ. ಮೊದಲು ಇದರಿಂದ ಸಂಕಟವಾಗುತ್ತಿತ್ತು. ಈಗ ಏನೂ ಅನಿಸುವುದಿಲ್ಲ. ಮಗಳು ಚಿತ್ರ ಬಿಡಿಸಿ ತಂದು ತೋರಿಸಿದರೂ ನೋಡಿದಂತೆ ಮಾಡುತ್ತೇನೆ. ಇದು ಬರ್ನ್‌ಔಟ್ ಎಂಬ ಕಾಯಿಲೆಯೇ?

ಉತ್ತರ: ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ ಅನ್ನು ವಿವರಿಸುವಾಗ ಅದನ್ನು ಕಾಯಿಲೆಗಳ ಸಾಲಿಗೆ ಸೇರಿಸಲಿಲ್ಲ, ಕೆಲಸದ ಜಾಗದ ಒತ್ತಡ ಬಹುಕಾಲ ನಿಭಾವಣೆಯಾಗದೆ ಉಳಿದಾಗ ಉಂಟಾಗುವ ಸ್ಥಿತಿ ಎಂದಿತು. ಅದಕ್ಕೆ ಮೂರು ಗುರುತುಗಳನ್ನು ಹೇಳಿದೆ: ಶಕ್ತಿ ಸೋರಿಹೋದಂಥ ಬಳಲಿಕೆ, ಕೆಲಸದಿಂದ ಮನಸ್ಸು ದೂರ ಸರಿಯುವುದು ಅಥವಾ ಅದರ ಬಗ್ಗೆ ತಾತ್ಸಾರ, ಕೆಲಸದಲ್ಲಿ ತನ್ನಿಂದ ಏನೂ ಆಗುತ್ತಿಲ್ಲವೆಂಬ ಭಾವನೆ. ಎರಡನೆಯ ಗುರುತು ನಿಮ್ಮ ಪತ್ರದಲ್ಲಿ ಸ್ಪಷ್ಟವಾಗಿದೆ. ಆದರೆ ಈ ವಿವರಣೆ ಕೆಲಸದ ಮಟ್ಟಿಗಷ್ಟೇ ಅನ್ವಯಿಸುತ್ತದೆ. ಮಗಳ ಚಿತ್ರದ ಮುಂದೆಯೂ ಏನೂ ಅನಿಸದಿರುವುದು ಕೆಲಸದ ಗೋಡೆ ದಾಟಿ ಬಂದಿರುವ ಲಕ್ಷಣ. ಖಿನ್ನತೆಯೂ ಹೀಗೇ ಕಾಣಿಸಿಕೊಳ್ಳುತ್ತದೆ. ಎರಡು ವಾರಕ್ಕೂ ಮಿಕ್ಕಿ ದಿನದ ಹೆಚ್ಚು ಹೊತ್ತು ಹೀಗೆಯೇ ಇದ್ದರೆ ಮನೋವೈದ್ಯರನ್ನು ಕಾಣಿ. ಇದನ್ನು ಮುಂದೂಡಬೇಡಿ.

ಅಂದಾಜಿನ ಬಗ್ಗೆ: ನೀವೊಬ್ಬರೇ ಹೀಗೆ ತಪ್ಪುತ್ತಿಲ್ಲ. ರೋಜರ್ ಬ್ಯೂಲರ್ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪದವಿಯ ಕೊನೆಯ ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳು ಅದು ಸರಾಸರಿ 34 ದಿನದಲ್ಲಿ ಮುಗಿಯುತ್ತದೆ ಎಂದುಕೊಂಡಿದ್ದರು. ನಿಜವಾಗಿ ಹಿಡಿದದ್ದು ಸರಾಸರಿ 55 ದಿನ. ಮುಂದಿನ ಕೆಲಸವನ್ನು ಊಹಿಸುವಾಗ ಮನಸ್ಸು ಅಡ್ಡಿಗಳಿಲ್ಲದ ದಾರಿಯನ್ನೇ ಕಾಣುತ್ತದೆ, ಹಿಂದಿನ ಅನುಭವವನ್ನು ಆ ಲೆಕ್ಕಕ್ಕೆ ತರುವುದಿಲ್ಲ. ಇದಕ್ಕೆ ಮದ್ದು ನಿಮ್ಮ ಬಳಿಯೇ ಇದೆ. ಕಳೆದ ಹತ್ತು ರಿಲೀಸ್‌ಗಳಲ್ಲಿ ಹೇಳಿದ ದಿನಗಳೆಷ್ಟು, ಹಿಡಿದ ದಿನಗಳೆಷ್ಟು ಎಂದು ನಿಮ್ಮ ಕಚೇರಿಯ ದಾಖಲೆಯಿಂದ ತೆಗೆದು ಬರೆಯಿರಿ. ಐದಕ್ಕೆ ಒಂಬತ್ತು ಎಂಬುದೇ ನಿಮ್ಮ ತಂಡದ ಸಹಜ ವೇಗವಾಗಿದ್ದರೆ, ಮುಂದಿನ ಸಲ ಗ್ರಾಹಕರಿಗೆ ಒಂಬತ್ತು ಎಂದೇ ಹೇಳಿ, ಹಾಳೆಯನ್ನು ಮುಂದಿಟ್ಟು ಕಾರಣವನ್ನೂ ಹೇಳಿ. ಅವರು ಏಳಕ್ಕೆ ಇಳಿಸಿ ಎಂದರೆ ಯಾವ ಎರಡು ಅಂಶಗಳನ್ನು ಬಿಡಬೇಕೆಂದು ಅವರನ್ನೇ ಕೇಳಿ.

ಇನ್ನೊಂದು ವಿಷಯವನ್ನು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಿಮ್ಮ ಕೈಕೆಳಗಿನ ಎಂಟು ಜನರಲ್ಲಿ ಯಾರಾದರೂ ಮೊದಲ ಪತ್ರದ ಹುಡುಗಿಯಂತೆ “ಆಗುತ್ತೆ ಸರ್” ಎನ್ನುತ್ತಿರಬಹುದು. “ಆಗುತ್ತಲ್ಲ?” ಎಂದು ಕೇಳುವ ಬದಲು “ಯಾವುದು ಸಿಕ್ಕಿಹಾಕಿಕೊಂಡಿದೆ?” ಎಂದು ಕೇಳಿ. ಪ್ರಶ್ನೆ ಬದಲಾದರೆ ನಿಜ ಹೇಳುವುದು ಅವರಿಗೂ ಸುಲಭವಾಗುತ್ತದೆ, ನಿಮ್ಮ ಒಂಬತ್ತು ದಿನಗಳ ರಹಸ್ಯವೂ ಬಹುಶಃ ಅಲ್ಲಿಯೇ ಬಯಲಾಗುತ್ತದೆ. ರಾತ್ರಿಯ ಕಾಲ್ ಅನ್ನು ವಾರದಲ್ಲಿ ಎರಡು ದಿನ ತಂಡದ ಇನ್ನೊಬ್ಬರಿಗೆ ವಹಿಸಿ, ಆ ಎರಡು ರಾತ್ರಿ ಮಗಳನ್ನು ಮಲಗಿಸುವ ಕೆಲಸ ನಿಮ್ಮದಾಗಲಿ.

ಪ್ರಶ್ನೆ: ಶಿವಮೊಗ್ಗದಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ನನ್ನದು ಕಚೇರಿಯ ಕೆಲಸವಲ್ಲವಾದ್ದರಿಂದ ಒತ್ತಡ ಎಂದರೆ ಮನೆಯವರು ನಗುತ್ತಾರೆ. ವರಮಹಾಲಕ್ಷ್ಮಿ ಹಬ್ಬಕ್ಕೂ ಮದುವೆಯ ಮುಹೂರ್ತಗಳಿಗೂ ಎಲ್ಲರಿಗೂ ಒಂದೇ ದಿನ ಬ್ಲೌಸ್ ಬೇಕು. ಬಂದವರಿಗೆ ಇಲ್ಲ ಎನ್ನಲು ಬಾಯಿ ಬರುವುದಿಲ್ಲ, ಗುರುವಾರ ಕೊಡುತ್ತೇನೆ ಎಂದುಬಿಡುತ್ತೇನೆ. ಈಚೆಗೆ ಗೇಟಿನ ಸದ್ದಾದರೆ ಕೈ ನಡುಗುತ್ತದೆ. ಒಮ್ಮೆ ಬಾಗಿಲು ಹಾಕಿಕೊಂಡು ಒಳಗೇ ಕುಳಿತಿದ್ದೆ.

ಉತ್ತರ: ತಾಯಿ, ಮುಹೂರ್ತಕ್ಕಿಂತ ಕಠಿಣವಾದ ಗಡುವು ಇನ್ನೊಂದಿಲ್ಲ. ಲೆಕ್ಕದ ದಿನಾಂಕವನ್ನು ಸರ್ಕಾರ ಮುಂದೂಡಬಹುದು, ತಾಳಿ ಕಟ್ಟುವ ಗಳಿಗೆಯನ್ನು ಬ್ಲೌಸಿಗಾಗಿ ಯಾರೂ ಮುಂದೂಡುವುದಿಲ್ಲ. ನಿಮ್ಮ ಒತ್ತಡ ನಗುವಂಥದ್ದಲ್ಲ.

ದಿನಕ್ಕೆ ನೆಮ್ಮದಿಯಾಗಿ ಎಷ್ಟು ಬ್ಲೌಸ್ ಹೊಲಿಯಬಲ್ಲಿರಿ? ಲೈನಿಂಗ್ ಇರುವುದು ಮೂರು, ಸಾದಾ ಆದರೆ ಐದು ಎಂದಿಟ್ಟುಕೊಳ್ಳೋಣ. ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ದಿನಕ್ಕೊಂದು ಪುಟ ಮಾಡಿ, ಆ ದಿನಕ್ಕೆ ಆಗುವಷ್ಟೇ ಗೆರೆಗಳನ್ನು ಎಳೆದಿಡಿ. ಅಳತೆಯ ಬ್ಲೌಸ್ ಹಿಡಿದು ಬಂದವರ ಕಣ್ಣೆದುರೇ ಪುಸ್ತಕ ತೆರೆಯಿರಿ. ಗೆರೆಗಳು ತುಂಬಿದ್ದರೆ ಪುಟ ತಿರುಗಿಸಿ, ಖಾಲಿ ಇರುವ ದಿನವನ್ನು ಅವರಿಗೇ ತೋರಿಸಿ. ಆಗ ಇಲ್ಲವೆಂದು ಹೇಳುವುದು ಪುಸ್ತಕವೇ ಆಗಿರುತ್ತದೆ, ನೀವು ಬಾಯಿಬಿಟ್ಟು ಹೇಳಬೇಕಾಗುವುದಿಲ್ಲ. ಹಬ್ಬದ ಹಿಂದಿನ ಎರಡು ದಿನಗಳ ಪುಟಗಳಲ್ಲಿ ಯಾರ ಹೆಸರನ್ನೂ ಬರೆಯಬೇಡಿ. ಹುಕ್ ಹಚ್ಚುವುದು, ಕಂಕುಳು ಬಿಗಿಯೆಂದು ವಾಪಸ್ ಬಂದದ್ದನ್ನು ಸಡಿಲಿಸುವುದು ಇವಕ್ಕೆಲ್ಲ ಆ ದಿನಗಳು ಬೇಕೇ ಬೇಕು. ಹೇಳಿದ ದಿನಕ್ಕೆ ಆಗುವುದಿಲ್ಲವೆಂದು ತಿಳಿದ ಕೂಡಲೇ, ಅವರು ಗೇಟಿಗೆ ಬರುವ ಮೊದಲೇ ನೀವಾಗಿಯೇ ಫೋನ್ ಮಾಡಿ. ಎರಡು ದಿನ ಮೊದಲು ಬಂದ ಆ ಫೋನಿಗೆ ಬೇಸರ ಮಾಡಿಕೊಳ್ಳುವ ಗಿರಾಕಿ, ಅದೇ ಮಾತನ್ನು ಬಾಗಿಲಲ್ಲಿ ನಿಂತು ಕೇಳಿದರೆ ಜಗಳ ಮಾಡುತ್ತಾರೆ. ಮೊದಲ ಫೋನ್ ಮಾಡುವಾಗ ಕೈ ನಡುಗುತ್ತದೆ, ಆದರೂ ಮಾಡಿ. ನಾಲ್ಕನೆಯ ಫೋನಿನ ಹೊತ್ತಿಗೆ ಗೇಟಿನ ಸದ್ದಿನ ಭಯವೂ ಇಳಿಯತೊಡಗುತ್ತದೆ ಎಂಬುದು ನನ್ನ ಅನುಭವ. ಮಿಷನ್ನಿನಿಂದ ಗಂಟೆಗೊಮ್ಮೆ ಎದ್ದು ಭುಜ ಮತ್ತು ಕತ್ತನ್ನು ಆಡಿಸಿ, ನೀರು ಕುಡಿದು ಬನ್ನಿ.

ಪ್ರಶ್ನೆ: ನನ್ನ ಯಜಮಾನರು ಬಳ್ಳಾರಿ ಜಿಲ್ಲೆಯ ಸರ್ಕಾರಿ ಕಚೇರಿಯೊಂದರಲ್ಲಿ ಲೆಕ್ಕದ ವಿಭಾಗದಲ್ಲಿದ್ದಾರೆ. ಪ್ರತಿ ಮಾರ್ಚ್‌ನಲ್ಲಿ ಅನುದಾನ ಕೊನೆಯ ವಾರ ಬಿಡುಗಡೆಯಾಗುತ್ತದೆ. 31ರೊಳಗೆ ಬಿಲ್ಲುಗಳು ಖಜಾನೆಗೆ ಹೋಗದಿದ್ದರೆ ಹಣ ವಾಪಸ್ಸಾಗುತ್ತದೆ. ಕಳೆದ ಮಾರ್ಚ್‌ನಲ್ಲಿ ಕೆಲವು ಬಿಲ್ಲುಗಳು ಉಳಿದು ಅವರಿಗೆ ನೋಟಿಸ್ ಬಂತು. ಅಂದಿನಿಂದ ಸರಿಯಾಗಿಲ್ಲ. ರಾತ್ರಿ ಕುಡಿಯುತ್ತಾರೆ. ಮೊನ್ನೆ “ನಾನು ಇಲ್ಲದಿದ್ದರೆ ನಿಮಗೆಲ್ಲ ನೆಮ್ಮದಿ” ಎಂದರು. ಅವರನ್ನು ಸಮಾಧಾನಪಡಿಸುವುದು ಹೇಗೆ?

ಉತ್ತರ: ಅಮ್ಮಾ, ಅವರ ಆ ಕೊನೆಯ ಮಾತನ್ನು ಬೇಸರದ ಮಾತೆಂದು ಬಿಟ್ಟುಬಿಡಬೇಡಿ. ಅಂಥ ಮಾತು ಬಂದಾಗ “ಹಾಗೆಲ್ಲ ಅನ್ನಬೇಡಿ, ಮಕ್ಕಳ ಮುಖ ನೋಡಿ” ಎಂದು ಬಾಯಿ ಮುಚ್ಚಿಸುವುದು ನಮ್ಮ ಮನೆಗಳ ರೂಢಿ. ಅದರ ಬದಲು ನೇರವಾಗಿ ಕೇಳಿ: “ಸಾಯಬೇಕು ಎಂದು ಅನಿಸುತ್ತಿದೆಯೇ?” ಹೀಗೆ ಕೇಳಿದರೆ ಆ ಯೋಚನೆಯನ್ನು ನಾವೇ ತಲೆಗೆ ತುಂಬಿದಂತಾಗುತ್ತದೆ ಎಂಬ ಹೆದರಿಕೆ ಬೇಡ; ಕೇಳಿದಾಗ ಹೆಚ್ಚಿನವರಿಗೆ ಹೇಳಿಕೊಳ್ಳಲು ದಾರಿಯಾಗುತ್ತದೆ. ಹೌದು ಎಂದರೆ ಅವರನ್ನು ಒಂಟಿಯಾಗಿ ಬಿಡಬೇಡಿ. ಮನೆಯಲ್ಲಿ ಕೀಟನಾಶಕ, ಹೆಚ್ಚಿನ ಮಾತ್ರೆಗಳು ಇದ್ದರೆ ಕೈಗೆ ಸಿಗದಂತೆ ಮಾಡಿ, ನಂಬಿಕೆಯ ಬಂಧುವೊಬ್ಬರನ್ನು ಕರೆಸಿಕೊಂಡು ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಕುಡಿತ ಈ ಸ್ಥಿತಿಯಲ್ಲಿ ಅಪಾಯವನ್ನು ಹೆಚ್ಚಿಸುತ್ತದೆ. ಆದರೆ ದಿನವೂ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೂ ತೊಂದರೆಯಾಗಬಹುದಾದ್ದರಿಂದ ಅದನ್ನೂ ವೈದ್ಯರ ಸಲಹೆಯಂತೆಯೇ ಬಿಡಿಸಬೇಕು.

ದೂರ ಹೋಗಬೇಕಾಗಿಲ್ಲ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು, 1980ರ ದಶಕದಲ್ಲಿ ನಿಮ್ಹಾನ್ಸ್ ಸಂಸ್ಥೆ ನಿಮ್ಮ ಬಳ್ಳಾರಿ ಜಿಲ್ಲೆಯಲ್ಲೇ ನಡೆಸಿದ ಕೆಲಸ. ಈಗ ಜಿಲ್ಲಾ ಮಟ್ಟದ ಸರ್ಕಾರಿ ಆಸ್ಪತ್ರೆಗಳಲ್ಲಿ ಮನೋವೈದ್ಯರಿರುತ್ತಾರೆ. ಮನೋಚೈತನ್ಯ ಎಂಬ ಹೆಸರಿನಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದಂದು ಮನೋವೈದ್ಯರ ಸೇವೆ ಕೊಡುವ ವ್ಯವಸ್ಥೆಯೂ ರಾಜ್ಯದಲ್ಲಿದೆ. ಹೊರಡುವ ಮುನ್ನ ನಿಮ್ಮ ಆಸ್ಪತ್ರೆಗೆ ಫೋನ್ ಮಾಡಿ ದಿನವನ್ನು ಖಚಿತಪಡಿಸಿಕೊಳ್ಳಿ. ಕಚೇರಿಯವರಿಗೆ ತಿಳಿದರೆ ಮರ್ಯಾದೆ ಹೋಗುತ್ತದೆ ಎಂದು ಅವರು ಹಿಂಜರಿಯಬಹುದು. ಅವರು ಪಡೆದ ಚಿಕಿತ್ಸೆಯ ವಿವರವನ್ನು ಗೋಪ್ಯವಾಗಿಡಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ಹೇಳುತ್ತದೆ ಎಂಬುದನ್ನು ಅವರಿಗೆ ತಿಳಿಸಿ.

ನೋಟಿಸಿನ ವಿಚಾರ ಬೇರೆ. ಅನುದಾನ ಯಾವ ದಿನ ಬಂತು, ಬಿಲ್ಲುಗಳು ಯಾವ ದಿನ ಅವರ ಮೇಜಿಗೆ ಬಂದವು, ಯಾವ ದಿನ ಮುಂದೆ ಹೋದವು ಎಂಬ ಮೂರು ದಿನಾಂಕಗಳನ್ನು ಕಡತದಿಂದ ತೆಗೆದು ಉತ್ತರ ಬರೆಯಲು ಅವರ ಸಹೋದ್ಯೋಗಿಯೊಬ್ಬರು ನೆರವಾಗಬಹುದು. ಕೇಳಲು ಅವರಿಗೆ ಸಂಕೋಚವಾದರೆ ಅವರ ಒಪ್ಪಿಗೆ ಪಡೆದು ನೀವೇ ಕೇಳಿ. ಮುಂದಿನ ಫೆಬ್ರವರಿಯಲ್ಲೇ, ಬಾಕಿ ಬಿಲ್ಲುಗಳ ಪಟ್ಟಿಯನ್ನು ಮೇಲಧಿಕಾರಿಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯುವ ಪದ್ಧತಿ ಇಟ್ಟುಕೊಂಡರೆ ಮಾರ್ಚ್‌ನ ಹೊಣೆ ಅವರೊಬ್ಬರ ಹೆಗಲ ಮೇಲೆ ಉಳಿಯುವುದಿಲ್ಲ. ಆದರೆ ಇದೆಲ್ಲ ಚಿಕಿತ್ಸೆ ಆರಂಭವಾದ ನಂತರದ ಮಾತು.

ಈ ಉತ್ತರವನ್ನು ನಿಮಗೆ ಅಂಚೆಯಲ್ಲಿ ಮೊದಲೇ ಕಳಿಸಿದ್ದೇನೆ. ಇದೇ ಸ್ಥಿತಿಯಲ್ಲಿರುವ ಬೇರೆ ಮನೆಗಳವರಿಗೂ ಉಪಯೋಗವಾಗಲೆಂದು ಇಲ್ಲಿ ಮತ್ತೆ ಹೇಳುತ್ತಿದ್ದೇನೆ: 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ತೆರೆದಿರುತ್ತದೆ, ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತನಾಡಬಹುದು. ನಿಮ್ಮ ಯಜಮಾನರು ಫೋನ್ ಹಿಡಿಯಲು ಒಪ್ಪದಿದ್ದರೂ ಪರವಾಗಿಲ್ಲ, ಅವರ ಪರವಾಗಿ ನೀವು ಇವತ್ತೇ ಕರೆ ಮಾಡಿ.